ತಂಗಿಯ ಅಡುಗೆಮನೆಗೆ ಕೈಹೆಣಿಗೆಯ ಉಡುಗೊರೆ

ತಂಗಿ ಹೊಸ ಮನೆಗೆ ಹೋದಾಗ ಪಾತ್ರೆ ಒರೆಸಲೆಂದು ಲೇಸಿನ ಅಂಚಿನ ಬಟ್ಟೆಯೊಂದನ್ನು ಹೆಣೆದು ಕೊಟ್ಟಿದ್ದೆ. ಮನೆಯಲ್ಲಿ ಉಳಿದಿದ್ದ ಅಕ್ರಿಲಿಕ್ ನೂಲು. ನೋಡಲು ಚಂದ, ಆದರೆ ನೀರು ಹೀರಲೇ ಇಲ್ಲ. ಬಿಸಿ ಪಾತ್ರೆ ಹಿಡಿಯಲು ಹೋದಾಗ ಅಂಚು ಕರಗಿ ಅಂಟಿಕೊಂಡಿತು. ಸದ್ಯ, ಅವಳ ಕೈ ಸುಡಲಿಲ್ಲ. ಅವಳು ನಕ್ಕಳು, ನನಗೆ ನಾಚಿಕೆಯಾಯಿತು.

ಈ ಕೆಲಸಕ್ಕೆ ಹತ್ತಿಯ ನೂಲೇ ಬೇಕು. ಅದು ನೀರು ಹೀರುತ್ತದೆ, ಬಿಸಿನೀರಿನಲ್ಲಿ ಒಗೆದರೂ ಬಾಳುತ್ತದೆ. ದಪ್ಪ ನೂಲು, ಅದಕ್ಕೆ ಹೊಂದುವ ಎರಡು ಕಡ್ಡಿ ಸಾಕು.

ಮೊದಲು 4 ಕುಣಿಕೆ ಹಾಕಿ ಒಂದು ಸಾಲು ಸಾದಾ ಹೆಣೆಯಿರಿ. ಮುಂದಿನ ಪ್ರತಿ ಸಾಲಿನಲ್ಲೂ 2 ಕುಣಿಕೆ ಹೆಣೆದು, ನೂಲನ್ನು ಕಡ್ಡಿಗೆ ಒಮ್ಮೆ ಸುತ್ತಿ, ಉಳಿದದ್ದನ್ನು ಸಾದಾ ಹೆಣೆಯಿರಿ. ಆ ಸುತ್ತೇ ಅಂಚಿನಲ್ಲಿ ಲೇಸಿನ ತೂತಾಗುತ್ತದೆ. ಕುಣಿಕೆಗಳು 44 ಆದ ಮೇಲೆ ಇಳಿಸಬೇಕು. 1 ಹೆಣೆದು, 2ನ್ನು ಜೋಡಿಸಿ ಒಂದು ಮಾಡಿ, ನೂಲು ಸುತ್ತಿ, ಮತ್ತೆ 2ನ್ನು ಜೋಡಿಸಿ, ಉಳಿದದ್ದು ಸಾದಾ. ಇಲ್ಲಿ ಸುತ್ತಲು ಮರೆತರೆ ಆ ಬದಿಯ ಅಂಚು ಬೋಳು. (ನನ್ನದೂ ಒಮ್ಮೆ ಹಾಗಾಗಿದೆ!) 4 ಉಳಿದಾಗ ಮುಚ್ಚಿಬಿಡಿ. ಆಸೆಗೆ ಬಿದ್ದು ನಡುವೆಯೂ ತೂತು ಬಿಡಬೇಡಿ, ಚಮಚ ಸಿಕ್ಕಿಕೊಳ್ಳುತ್ತದೆ. ಬಣ್ಣದ ನೂಲಾದರೆ ಕೊಡುವ ಮುನ್ನ ಒಮ್ಮೆ ಒಗೆದು ನೋಡಿ.

ಹತ್ತಿಯಲ್ಲಿ ಹೆಣೆದದ್ದನ್ನು ತಂಗಿ ಶೋಕೇಸಿನಲ್ಲಿಟ್ಟಳು. “ಇಷ್ಟು ಚಂದದ್ದನ್ನು ಎಣ್ಣೆಗೆ ಹಾಕುವುದಾ ಅಕ್ಕಾ?” ಎಂದಳು. ಹಾಗಾಗಿ ಇನ್ನೊಂದನ್ನು ಹೆಣೆದು ಒಯ್ದು, ನಾನೇ ಒದ್ದೆ ಮಾಡಿ ಅವಳ ಸಿಂಕಿನ ಪಕ್ಕ ನೇತುಹಾಕಿ ಬಂದೆ. ಮೊನ್ನೆ ಹೋದಾಗ ಅದರ ತುಂಬ ಅರಿಶಿನದ ಕಲೆ.