ಖಾತೆ ಇಬ್ಬರದು, ಷರತ್ತು ಒಬ್ಬರದು

‘ಅಣ್ಣಾ, ಹಳೇ ಬಿಲ್ ಕ್ಲಿಯರ್ ಮಾಡಿ, ಆಮೇಲೆ ಹೊಸ ಆರ್ಡರ್ ಬರ್ಕೋತೀನಿ.’

ವಾರಕ್ಕೊಮ್ಮೆ ಲೈನಿಗೆ ಬರುವ ಸೇಲ್ಸ್‌ಮನ್ ಬಾಯಲ್ಲಿ ಈ ಮಾತು ಕೇಳದ ದಿನಸಿ ಅಂಗಡಿ ನಮ್ಮ ರಾಜ್ಯದಲ್ಲಿ ಸಿಗುವುದು ಕಷ್ಟ. ‘ಬಿಲ್ ಟು ಬಿಲ್’ ಎನ್ನುವ ಪದ್ಧತಿ ಇದು. ಹಿಂದಿನ ವಾರದ ಮಾಲಿನ ಹಣ ಕೊಟ್ಟರೆ ಮಾತ್ರ ಈ ವಾರದ ಮಾಲು ಇಳಿಯುತ್ತದೆ. ಕೊಟ್ಟ ಸಾಲ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅಂಗಡಿಯವರ ಕೈಗೆ ಹಣ ಬರುವುದು ವಾರದ ಲೆಕ್ಕದಲ್ಲಲ್ಲ. ಸಂಬಳದ ಮನೆಯವರು ತಿಂಗಳ ಮೊದಲ ವಾರ ಬಾಕಿ ತೀರಿಸುತ್ತಾರೆ. ಹಳ್ಳಿಯ ಗಿರಾಕಿ ಅಡಿಕೆಯೋ ಕೊಬ್ಬರಿಯೋ ಮಾರಿದ ಮೇಲೆ ಕೊಡುತ್ತಾನೆ.

ತಿಂಗಳಿಗೆ ಒಂದು ಲಕ್ಷ ರೂಪಾಯಿ ಮಾಲು ತರಿಸುವ ಒಂದು ಅಂಗಡಿಯನ್ನು ಊಹಿಸಿಕೊಳ್ಳೋಣ. ಅದರಲ್ಲಿ ಅರ್ಧ ಉದ್ರಿಗೆ ಹೋದರೆ ತಿಂಗಳ ಕೊನೆಗೆ 50 ಸಾವಿರ ರೂಪಾಯಿ ಗಿರಾಕಿಗಳ ಬಳಿಯೇ ಉಳಿಯುತ್ತದೆ. ಮಾಲು ವಿತರಿಸುವ ಏಜೆನ್ಸಿಯವರಿಗೆ ಮಾತ್ರ ವಾರವಾರವೂ ಸುಮಾರು 25 ಸಾವಿರ ಸಲ್ಲಬೇಕು. ನಡುವಿನ ಈ ಕೊರತೆಯನ್ನು ಚೀಟಿ ಎತ್ತಿ, ಒಡವೆ ಅಡವಿಟ್ಟು, ಕೈಸಾಲ ಮಾಡಿ ತುಂಬುವವರು ಅಂಗಡಿಯವರು. ಬಡಾವಣೆಯ ಜನರಿಗೆ ಬಡ್ಡಿಯಿಲ್ಲದೆ ಸಿಗುವ ಉದ್ರಿಯ ಬಡ್ಡಿಯನ್ನು ಅವರೇ ಹೊರುತ್ತಾರೆ. ಆ ಹೊರೆಯನ್ನು ಬೆಲೆಯ ಮೇಲೆ ಹಾಕಲೂ ಆಗದು. ಪೊಟ್ಟಣದ ಮೇಲೆ ಅಚ್ಚಾದ ಎಂಆರ್‌ಪಿ ಮೀರಿ ಮಾರಲು ಕಾನೂನು ಬಿಡುವುದಿಲ್ಲ.

ಏಜೆನ್ಸಿಯವರನ್ನೇ ದೂರಿದರೆ ಅನ್ಯಾಯವಾದೀತು. ಅನೇಕ ಕಂಪನಿಗಳು ತಮ್ಮ ವಿತರಕರಿಂದ ಮುಂಗಡ ಹಣ ಪಡೆದೇ ಮಾಲು ಕಳಿಸುತ್ತವೆ. ವಿತರಕರ ಲಾಭಾಂಶ ತೀರಾ ತೆಳು, ಅದರ ಮೇಲೆ ತಿಂಗಳ ಗುರಿಯ ಒತ್ತಡ ಬೇರೆ. ಕಂಪನಿ ವಿತರಕರನ್ನು ಬಿಗಿದರೆ ವಿತರಕರು ಅಂಗಡಿಯನ್ನು ಬಿಗಿಯುತ್ತಾರೆ. ಅಂಗಡಿಯವರಿಗೆ ಬಿಗಿಯಲು ಇನ್ನಾರೂ ಇಲ್ಲ.

ಖಾತೆ ತೆರೆಯುವಾಗಲೇ ಈ ಅಸಮಾನತೆ ಶುರುವಾಗುತ್ತದೆ. ‘ಭದ್ರತೆಗೆ ಇರಲಿ’ ಎಂದು ಸಹಿ ಹಾಕಿದ ಖಾಲಿ ಚೆಕ್ ಕೇಳುವುದು ಹಲವೆಡೆ ರೂಢಿ. ಕೊಡದಿದ್ದರೆ ಉದ್ರಿ ಇಲ್ಲ. ಆ ಚೆಕ್ಕಿನ ತೂಕ ಕೊಡುವಾಗ ಅನೇಕರಿಗೆ ತಿಳಿದಿರುವುದಿಲ್ಲ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಪ್ರಕಾರ ಚೆಕ್ ಬೌನ್ಸ್ ಆಗಿ ಅಪರಾಧ ಸಾಬೀತಾದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ ಆಗಬಹುದು. ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕಿನಲ್ಲಿ ಮೊತ್ತವನ್ನು ಬೇರೆಯವರು ಬರೆದಿದ್ದರೂ ಹೊಣೆ ತಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಆ ಚೆಕ್ ಬಾಕಿ ತೀರಿಸಲು ಕೊಟ್ಟದ್ದಲ್ಲ ಎಂದು ತೋರಿಸುವ ಭಾರ ಸಹಿ ಹಾಕಿದವರದೇ. ವ್ಯವಹಾರ ಮುಗಿದ ಮೇಲೆ ಚೆಕ್ ಹಿಂದಕ್ಕೆ ಕೊಡುವ ಬಗ್ಗೆ ಮಾತ್ರ ಎಲ್ಲಿಯೂ ಒಂದು ಸಾಲೂ ಬರೆದಿರುವುದಿಲ್ಲ.

ಎರಡನೆಯದು ಸ್ಕೀಮಿನ ಕಾಟ. ಗಿರಾಕಿಗಳು ಕೇಳಿ ಒಯ್ಯುವ ಸೋಪು, ಚಹಾಪುಡಿ ಬೇಕೆಂದರೆ ಯಾರೂ ಕೇಳದ ಹೊಸ ಸಾಮಾನನ್ನೂ ಅದರೊಂದಿಗೆ ಇಳಿಸಿಕೊಳ್ಳಬೇಕು. ತಿಂಗಳ ಕೊನೆಯ ವಾರ ಈ ಒತ್ತಾಯ ಇನ್ನೂ ಜೋರು. 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ಇಂಥ ತಳಕು ಮಾರಾಟವನ್ನು ಹೆಸರಿಸಿಯೇ ಹೇಳುತ್ತದೆ. ಆದರೆ ಅದರಿಂದ ಮಾರುಕಟ್ಟೆಯ ಸ್ಪರ್ಧೆಗೆ ಗಣನೀಯ ಹಾನಿಯಾಗಿದೆ ಎಂದು ತೋರಿಸಬೇಕು. ಹತ್ತಡಿ ಅಗಲದ ಅಂಗಡಿಗೆ ಬೀಗ ಹಾಕಿ ಯಾರು ದೆಹಲಿಯ ಸ್ಪರ್ಧಾ ಆಯೋಗದ ಬಾಗಿಲು ತಟ್ಟಿಯಾರು?

ಹೀಗೆ ಇಳಿದ ಮಾಲು ಕಪಾಟಿನಲ್ಲೇ ಅವಧಿ ಮೀರಿದಾಗ ಮೂರನೆಯ ಸಂಕಟ. ‘ಎಕ್ಸ್‌ಪೈರಿ ಮುಂದಿನ ಸಲ ತಗೋತೀವಿ’ ಎಂಬ ಭರವಸೆ ತಿಂಗಳುಗಟ್ಟಲೆ ಮುಂದಕ್ಕೆ ಹೋಗುತ್ತದೆ. ವಾಪಸು ಒಯ್ದ ಮೇಲೂ ಅದರ ಮೊತ್ತ ಕ್ರೆಡಿಟ್ ನೋಟಾಗಿ ಖಾತೆಗೆ ಬೀಳುವುದು ಯಾವಾಗಲೋ. ಹತ್ತು ಸಾವಿರದ ಬಿಲ್ಲಿಗೆ ಒಂದು ಸಾವಿರ ಲಾಭ ಎಂದಿಟ್ಟುಕೊಂಡರೆ, ನಾನೂರು ರೂಪಾಯಿಯ ಮಾಲು ಅಂಗಡಿಯಲ್ಲೇ ಉಳಿದಾಗ ಕೈಗೆ ಹತ್ತುವುದು ಆರುನೂರು. ಬಾಡಿಗೆ, ಕರೆಂಟ್ ಬಿಲ್ ಅದರಲ್ಲೇ ಆಗಬೇಕು. 2025ರ ಸೆಪ್ಟೆಂಬರ್ 22ರಂದು ಸೋಪು, ಟೂತ್‌ಪೇಸ್ಟ್, ಬಿಸ್ಕತ್ತುಗಳ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದದ್ದು ಗ್ರಾಹಕರಿಗೆ ಒಳ್ಳೆಯದೇ. ಆದರೆ ಹಳೆಯ ದರದಲ್ಲಿ ತಂದ ಮಾಲನ್ನು ಹೊಸ ದರದಲ್ಲಿ ಮಾರಬೇಕಾದಾಗ, ಹೂಡುವಳಿ ತೆರಿಗೆ ಜಮೆ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಪಡೆಯಲಾಗದ ಚಿಕ್ಕ ಅಂಗಡಿಯವರಿಗೆ ಇದ್ದ ದಾರಿ ಒಂದೇ: ಮೇಲಿನವರು ವ್ಯತ್ಯಾಸ ತುಂಬಿಕೊಡಬೇಕು. ಆಗ ಕ್ರೆಡಿಟ್ ನೋಟಿನ ಬೆಲೆ ಎಲ್ಲರಿಗೂ ಅರ್ಥವಾಗಬೇಕಿತ್ತು.

ಬೇರೆ ಕಡೆ ಕೊಳ್ಳಬಹುದಲ್ಲ ಎನ್ನುವವರಿದ್ದಾರೆ. 2003ರಲ್ಲಿ ಮೆಟ್ರೋ ಕ್ಯಾಶ್ ಅಂಡ್ ಕ್ಯಾರಿ ದೇಶದಲ್ಲಿ ಕಾಲಿಟ್ಟದ್ದೇ ಬೆಂಗಳೂರಿನಲ್ಲಿ. 2023ರಲ್ಲಿ ಅದು ರಿಲಯನ್ಸ್ ರಿಟೇಲ್ ಪಾಲಾಯಿತು. ಈಗ ಮೊಬೈಲ್ ಆ್ಯಪ್‌ಗಳೂ ಅಂಗಡಿ ಬಾಗಿಲಿಗೆ ಮಾಲು ತರುತ್ತವೆ. ಇಂಥವರಿಗೆ ತಮಗಿಂತ ಕಡಿಮೆ ದರದಲ್ಲಿ ಮಾಲು ಸಿಗುತ್ತಿದೆ ಎಂದು 2022ರ ಆರಂಭದಲ್ಲಿ ವಿತರಕರೇ ಕಂಪನಿಗಳ ವಿರುದ್ಧ ಅಸಹಕಾರಕ್ಕಿಳಿದರು. ಆದರೆ ಕಡಿಮೆ ದರದ ಜೊತೆಗೂ ಷರತ್ತುಗಳಿವೆ: ಕೈಯಲ್ಲಿ ನಗದಿರಬೇಕು, ಕನಿಷ್ಠ ಇಷ್ಟು ಮೊತ್ತದ ಆರ್ಡರ್ ಇರಬೇಕು. ಆ್ಯಪ್ ಕೊಡುವ ಉದ್ರಿಯ ಮಿತಿ ಒಂದು ಬೆಳಿಗ್ಗೆ ಅರ್ಧಕ್ಕಿಳಿದರೆ ಕಾರಣ ಕೇಳಲು ಎದುರಿಗೆ ಮನುಷ್ಯರಿಲ್ಲ. ಏಜೆನ್ಸಿಯವರ ಹತ್ತಿರವಾದರೆ ‘ಮಗಳ ಮದುವೆ ಇದೆ, ಎರಡು ವಾರ ತಡೀರಿ’ ಎನ್ನಬಹುದು.

ಕಾನೂನೂ ಇಲ್ಲಿ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. 2006ರ ಎಂಎಸ್‌ಎಂಇ ಕಾಯ್ದೆ ಸಣ್ಣ ಉದ್ಯಮಗಳಿಗೆ ಬರಬೇಕಾದ ಹಣಕ್ಕೆ 45 ದಿನಗಳ ಗಡುವು ಹಾಕಿದೆ. 2021ರ ಜುಲೈನಲ್ಲಿ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ಸಿಕ್ಕಿತು. ಆದರೆ ಆದ್ಯತಾ ವಲಯದ ಸಾಲಕ್ಕೆ ಮಾತ್ರ. ಎಕ್ಸ್‌ಪೈರಿಯ ಬಾಕಿಗೆ, ಹೇಳದೆ ಮುಚ್ಚಿದ ಖಾತೆಗೆ ಅದರಲ್ಲಿ ಉತ್ತರವಿಲ್ಲ.

ಹಾಗಾಗಿ ಬೇಕಾಗಿರುವುದು ದೊಡ್ಡದೇನಲ್ಲ: ಕನ್ನಡದಲ್ಲಿ ಬರೆದ ಒಂದು ಪುಟದ ಖಾತೆ ಒಪ್ಪಂದ. ಉದ್ರಿ ಎಷ್ಟು ದಿನ, ಮಿತಿ ಎಷ್ಟು, ಚೆಕ್ ಯಾವಾಗ ವಾಪಸು, ಅವಧಿ ಮೀರಿದ ಮಾಲಿನ ಹಣ ಎಷ್ಟು ದಿನದೊಳಗೆ ಜಮೆ, ಖಾತೆ ನಿಲ್ಲಿಸುವ ಮುನ್ನ ಎಷ್ಟು ದಿನದ ಸೂಚನೆ ಎನ್ನುವುದು ಅದರಲ್ಲಿರಲಿ. ಕೆಳಗೆ ಇಬ್ಬರ ಸಹಿ ಇರಲಿ. ಅಂಗಡಿಯವರು ತಿಂಗಳಿಗೊಮ್ಮೆ ಲೆಡ್ಜರ್ ಪ್ರತಿ ಕೇಳಿ ಪಡೆಯಲಿ. ಚೆಕ್ ಕೊಡಲೇಬೇಕಾದರೆ ಅದರ ನಂಬರ್ ಮತ್ತು ಉದ್ದೇಶ ಬರೆದ ಪತ್ರಕ್ಕೆ ಸ್ವೀಕೃತಿ ಹಾಕಿಸಿಕೊಳ್ಳಲಿ. ಒಬ್ಬರೇ ಕೇಳಿದರೆ ‘ಬೇರೆ ಕಡೆ ನೋಡ್ಕೊಳ್ಳಿ’ ಎಂಬ ಉತ್ತರ ಬರಬಹುದು. ಊರಿನ ವರ್ತಕರ ಸಂಘವೇ ಒಂದು ಮಾದರಿ ಸಿದ್ಧಪಡಿಸಿ ಮುಂದಿಟ್ಟರೆ ತಳ್ಳಿಹಾಕುವುದು ಸುಲಭವಲ್ಲ. ಕಂಪನಿಗಳೂ ತಮ್ಮ ಗುರಿಯ ಭಾರ ಕೊನೆಗೆ ಯಾರ ಗಲ್ಲಾಪೆಟ್ಟಿಗೆಯಿಂದ ಹೋಗುತ್ತಿದೆ ಎಂದು ನೋಡಬೇಕು. ಕೊಟ್ಟ ಮಾಲಿಗೆ ಹಣ ಕೇಳುವ ಹಕ್ಕು ಏಜೆನ್ಸಿಯವರಿಗೆ ಎಷ್ಟಿದೆಯೋ, ಮರಳಿಸಿದ ಮಾಲಿಗೆ ಹಣ ಕೇಳುವ ಹಕ್ಕು ಅಂಗಡಿಯವರಿಗೂ ಅಷ್ಟೇ ಇದೆ.