ಹೋಂವರ್ಕ್: ಮಕ್ಕಳ ಸಂಜೆ ಯಾರದು?

ಕನ್ನಡದಲ್ಲಿ ಮನೆಗೆಲಸವೆಂದರೆ ಕಸ ಗುಡಿಸುವುದು, ಪಾತ್ರೆ ತೊಳೆಯುವುದು; ಮನೆಪಾಠವೆಂದರೆ ಟ್ಯೂಷನ್. ಆದ್ದರಿಂದ ಹೋಂವರ್ಕ್ ಎಂಬ ಮಾತನ್ನು ಹಾಗೆಯೇ ಇಟ್ಟುಕೊಂಡಿದ್ದೇವೆ. ಇದರಿಂದ ಮಕ್ಕಳಿಗೆ ಹಿತವೋ ಅಹಿತವೋ ಎಂಬ ಚರ್ಚೆ ನಮ್ಮ ಕೂಟಗಳಲ್ಲಿ ಊಟದ ಸಾಲಿನಲ್ಲೇ ಆರಂಭವಾಗಿ ಪಾಯಸದವರೆಗೂ ನಡೆಯುತ್ತದೆ.

ಮೊದಲು ನೈರೋಬಿಯ ಲೆಕ್ಕ ನೋಡೋಣ. ಅಪ್ಪರ್ ಹಿಲ್ ಗುಡ್ಡದ ಮೇಲೆ ಒಂದು ಕಾಲಕ್ಕೆ ರೈಲ್ವೆಯವರ ಬಂಗಲೆಗಳಿದ್ದವು; ಈಗ ಕಚೇರಿಗಳ ಗೋಪುರಗಳು, ಸಂಜೆಯಾದರೆ ವಾಹನಗಳ ಸಾಲು. ಶಾಲೆಯ ವ್ಯಾನು ಅದರಲ್ಲಿ ತೆವಳಿ ಬಂದು ಮಗುವನ್ನಿಳಿಸುವಾಗ ಗಂಟೆ ಐದು. ಸಮಭಾಜಕದ ಪಕ್ಕದ ಈ ಊರಿನಲ್ಲಿ ಯಾವ ತಿಂಗಳಾದರೂ ಸುಮಾರು ಆರೂವರೆಗೆ ಸೂರ್ಯಾಸ್ತ. ಲಂಡನ್ನಿನ ಮಕ್ಕಳಂತೆ ಬೇಸಗೆಯಲ್ಲಿ ರಾತ್ರಿ ಒಂಬತ್ತರವರೆಗೆ ಬೆಳಕಿಲ್ಲ. ಆಟಕ್ಕೆ ಸಿಗುವುದು ಒಂದೂವರೆ ಗಂಟೆ. ಹೋಂವರ್ಕ್ ಮೊದಲು ನುಂಗುವುದು ಅದನ್ನೇ.

ಕೀನ್ಯಾದಲ್ಲಿ 1985ರಿಂದ ನಡೆದ 8-4-4 ಪದ್ಧತಿಯಲ್ಲಿ ಎಂಟನೆಯ ತರಗತಿಯ ಪರೀಕ್ಷೆಯೇ ಸರ್ವಸ್ವವಾಗಿತ್ತು. ಆ ಪರೀಕ್ಷೆ ಕೊನೆಯ ಬಾರಿಗೆ ನಡೆದದ್ದು 2023ರಲ್ಲಿ. 2017ರಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ ಹೊಸ ಪಠ್ಯಕ್ರಮ ಬಾಯಿಪಾಠ ಬಿಟ್ಟು ಮಾಡಿ ಕಲಿಯಲಿ ಎಂದಿತು. ಉದ್ದೇಶವೇನೋ ಒಳ್ಳೆಯದೇ. ಆದರೆ ರಟ್ಟು, ಅಂಟು, ಬಣ್ಣದ ಕಾಗದ ಹೊಂದಿಸುವ ಭಾರ ಪೋಷಕರ ತಲೆಗೆ ಬಂತೆಂಬ ದೂರು ದೇಶವಿಡೀ ಎದ್ದಿತು. 2022ರಲ್ಲಿ ನೇಮಕಗೊಂಡ ಶಿಕ್ಷಣ ಸುಧಾರಣಾ ಸಮಿತಿ ಊರೂರಲ್ಲಿ ಜನಾಭಿಪ್ರಾಯ ಕೇಳಿತು. ಅದರ ಅಧ್ಯಕ್ಷರಾದ ಪ್ರೊ. ರಫಾಯೆಲ್ ಮುನಾವು ರಸಾಯನಶಾಸ್ತ್ರಜ್ಞರು. ಅದೇ ಕಸುಬಿನವರಾದ ನಮಗೆ ಸಣ್ಣದೊಂದು ಹೆಮ್ಮೆ! ನಮ್ಮ ಮಕ್ಕಳ ಶಾಲೆಗಳ ಪಠ್ಯಕ್ರಮ ಬೇರೆಯಿರಬಹುದು. ಆದರೆ ಜ್ವಾಲಾಮುಖಿಯ ಮಾದರಿಯನ್ನು ರಾತ್ರಿ ಹತ್ತಕ್ಕೆ ಅಂಟಿಸುವವರು ಯಾರೆಂಬುದು ಎಲ್ಲ ಮನೆಗಳಿಗೂ ಗೊತ್ತು.

ಇನ್ನು ಸಂಶೋಧನೆ ಏನೆನ್ನುತ್ತದೆ? ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು ಅಲ್ಲಿಯ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2006ರಲ್ಲಿ ವರದಿ ಮಾಡಿದರು. ಏಳನೆಯ ತರಗತಿಯಿಂದ ಮೇಲೆ ಹೋಂವರ್ಕಿಗೂ ಕಲಿಕೆಗೂ ನಂಟು ಬಲವಾಗಿ ಕಂಡಿತು. ಅದಕ್ಕಿಂತ ಚಿಕ್ಕವರಲ್ಲಿ ದುರ್ಬಲವಾಗಿತ್ತು. ನಂಟೆಂದ ಮಾತ್ರಕ್ಕೆ ಕಾರಣವಲ್ಲ: ಚೆನ್ನಾಗಿ ಓದುವ ಹುಡುಗ ಹೋಂವರ್ಕನ್ನೂ ಚೆನ್ನಾಗಿ ಮಾಡಿಯಾನು. ಫ್ರಾನ್ಸಿನಲ್ಲಿ 1956ರಲ್ಲೇ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬರೆಯುವ ಹೋಂವರ್ಕ್ ಕೂಡದೆಂದು ಸುತ್ತೋಲೆ ಹೊರಟಿತು. ಭಾರತ ಸರ್ಕಾರ 2018ರಲ್ಲಿ ಒಂದು, ಎರಡನೆಯ ತರಗತಿಗಳಿಗೆ ಹೋಂವರ್ಕ್ ಬೇಡವೆಂದು ರಾಜ್ಯಗಳಿಗೆ ತಿಳಿಸಿತು. ಸುತ್ತೋಲೆ ಹೊರಟಷ್ಟು ಸುಲಭವಾಗಿ ಶಾಲೆಯೊಳಗೆ ಹೋಗುವುದಿಲ್ಲ, ಆ ಮಾತು ಬೇರೆ.

ದೊಡ್ಡ ಮಕ್ಕಳಿಗೆ ಗಣಿತ, ವಿಜ್ಞಾನದ ಅಭ್ಯಾಸ ಬೇಕೇ ಬೇಕು. ಸಮೀಕರಣವನ್ನು ತಾನೇ ಸರಿದೂಗಿಸದೆ ಯಾರೂ ರಸಾಯನಶಾಸ್ತ್ರ ಕಲಿತಿಲ್ಲ. ನಮ್ಮ ತಕರಾರು ಚಿಕ್ಕವರ ಪರವಾಗಿ. ಅದರಲ್ಲೂ ಪರದೇಶದ ಕನ್ನಡ ಮನೆಯ ಚಿಕ್ಕವರ ಪರವಾಗಿ. ಅವರಿಗೆ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಸ್ವಾಹಿಲಿ. ಕನ್ನಡಕ್ಕೆ ಉಳಿಯುವುದು ಸಂಜೆಯೊಂದೇ. ಅದನ್ನೂ ಇಂಗ್ಲಿಷ್ ಹೋಂವರ್ಕಿಗೆ ಕೊಟ್ಟರೆ ಕನ್ನಡಕ್ಕೆ ಉಳಿಯುವುದು “ಊಟಕ್ಕೆ ಬಾ”, “ಮಲಗು” ಅಷ್ಟೇ. ಎಂಟು ಗಂಟೆಗೆ ಪುಸ್ತಕ ಮುಚ್ಚಿ ಅಜ್ಜಿಗೆ ಫೋನು ಮಾಡೋಣವೆಂದರೆ ಊರಿನಲ್ಲಿ ಆಗಲೇ ಹತ್ತೂವರೆ, ಅಜ್ಜಿ ಮಲಗಿಯಾಗಿರುತ್ತದೆ.

ಹೀಗಿರುವಾಗ ನಮ್ಮ ಸಂಘದ ಶನಿವಾರದ ಕನ್ನಡ ತರಗತಿಯೂ ದಿನಕ್ಕೊಂದು ಪುಟ ಕಾಪಿ ಬರೆಸಬೇಕೆ? ಬೇಡವೆಂದು ನಮ್ಮ ಅಭಿಪ್ರಾಯ. ಅಕ್ಷರ ತಿದ್ದುವುದು ತರಗತಿಯಲ್ಲೇ ಆಗಲಿ. ಮನೆಗೆ ಕೊಡುವುದಾದರೆ ವಾರಕ್ಕೊಂದು ಪ್ರಶ್ನೆ ಸಾಕು: ಅಜ್ಜಿಯ ಊರಿನ ಕೆರೆಯ ಹೆಸರೇನು, ತಾತ ಶಾಲೆಗೆ ಹೇಗೆ ಹೋಗುತ್ತಿದ್ದರು, ಹಿತಕಿದ ಅವರೆಬೇಳೆ ಮಾಡುವುದು ಹೇಗೆ. ಉತ್ತರವನ್ನು ಬರೆದು ತರಬೇಕಾಗಿಲ್ಲ, ಬಂದು ಹೇಳಿದರೆ ಸಾಕು. ಒಪ್ಪದ ಪೋಷಕರು ಮುಂದಿನ ಕೂಟದಲ್ಲಿ ಪಾಯಸಕ್ಕೆ ಮೊದಲೇ ತಿಳಿಸಬೇಕಾಗಿ ವಿನಂತಿ.