ಫಿಲ್ಟರ್ ಬದಲಾದರೆ ಪಿಕಪ್ ಬಂದೀತೇ?

ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ಸುಮಾರು 9,000 ಲೀಟರ್ ಗಾಳಿ ಬೇಕು. ತೂಕದಲ್ಲಿ ಹೇಳುವುದಾದರೆ ಪೆಟ್ರೋಲಿನ 14.7 ಪಟ್ಟು. ಪೆಟ್ರೋಲಿಗೆ ಪೈಸೆ ಪೈಸೆ ಲೆಕ್ಕ ಇಡುವವರೂ ಪುಕ್ಕಟೆ ಸಿಗುವ ಈ ಗಾಳಿಯ ಲೆಕ್ಕಕ್ಕೆ ಹೋಗುವುದಿಲ್ಲ. ಲೀಟರಿಗೆ 40 ಕಿ.ಮೀ. ಕೊಡುವ ಬೈಕ್ ವರ್ಷಕ್ಕೆ 12,000 ಕಿ.ಮೀ. ಓಡಿದರೆ ಅದು ಎಳೆದುಕೊಳ್ಳುವ ಗಾಳಿ 27 ಲಕ್ಷ ಲೀಟರ್. ಘನ ಮೀಟರಿಗೆ ಒಂದೇ ಒಂದು ಮಿಲಿಗ್ರಾಂ ಧೂಳು ಎಂದು ಹಿಡಿದರೂ ಅಷ್ಟು ಗಾಳಿಯಲ್ಲಿ ಎರಡೂವರೆ ಗ್ರಾಂ ಮೀರಿದ ಧೂಳಿರುತ್ತದೆ. ಸಂಡೂರಿನ ಅದಿರು ಲಾರಿಗಳ ಹಿಂದೆಯೋ ಡಾಂಬರು ಕಿತ್ತುಹೋದ ರಸ್ತೆಯಲ್ಲೋ ದಿನಾ ಓಡುವ ಗಾಡಿಗೆ ಇದರ ಹಲವು ಪಟ್ಟು. ಅದನ್ನು ಎಂಜಿನ್ನಿನ ಹೊರಗೇ ನಿಲ್ಲಿಸಲು ಏರ್ ಫಿಲ್ಟರ್ ಇದೆ.

ಬಿಡಿಭಾಗಗಳ ಅಂಗಡಿಯಲ್ಲಿ ‘ಪರ್ಫಾರ್ಮೆನ್ಸ್ ಫಿಲ್ಟರ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಸರಕಿನ ಭರವಸೆಗಳು ಬೇರೆ: ಹೆಚ್ಚು ಪಿಕಪ್, ಹೆಚ್ಚು ಮೈಲೇಜ್, ಗಾಡಿ ಇರುವವರೆಗೂ ಬಾಳಿಕೆ. ಇವುಗಳಲ್ಲಿ ಕೊನೆಯದಕ್ಕೆ ಮಾತ್ರ ಸ್ವಲ್ಪ ಬುಡವಿದೆ.

ಬೈಕಿನ ಫಿಲ್ಟರ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಇಂದು ರಸ್ತೆಯಲ್ಲಿರುವ ಬಹುಪಾಲು ಗಾಡಿಗಳಿಗೆ ಕಂಪನಿ ಹಾಕಿಕೊಡುವುದು ಮಡಿಕೆ ಮಡಿಕೆಯಾದ ಕಾಗದದ ಫಿಲ್ಟರ್. ಇದರಲ್ಲೇ ಕಾರ್ಖಾನೆಯಲ್ಲಿ ಎಣ್ಣೆ ಕುಡಿಸಿದ ಕಾಗದದ್ದೊಂದು ಜಾತಿಯಿದೆ. ಧೂಳು ಅದಕ್ಕೆ ಅಂಟಿಕೊಂಡು ಕೂರುತ್ತದೆ. ಎರಡನೆಯದು ಸ್ಪಂಜು. ಇದನ್ನು ತೊಳೆದು, ಹಿಂಡಿ, ಒಣಗಿಸಿ, ಎಣ್ಣೆ ಹಚ್ಚಿ ಮತ್ತೆ ಬಳಸಬಹುದು. ಯಮಹಾ ಆರ್‌ಎಕ್ಸ್ 100 ಕಾಲದ ಮೆಕ್ಯಾನಿಕ್‌ಗಳಿಗೆ ಇದು ಚಿರಪರಿಚಿತ. ಮೂರನೆಯದು ತಂತಿಬಲೆಯ ನಡುವೆ ಹಲವು ಪದರ ಹತ್ತಿಬಟ್ಟೆ ಇಟ್ಟು ಎಣ್ಣೆ ಸವರಿದ್ದು. ಇದಕ್ಕೆ ಜಗತ್ತಿನಾದ್ಯಂತ ಹೆಸರು ತಂದುಕೊಟ್ಟದ್ದು ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಬೈಕ್ ವ್ಯಾಪಾರದಿಂದ ಬೆಳೆದ ಕೆ ಆ್ಯಂಡ್ ಎನ್ ಕಂಪನಿ. ಕೆನ್ ಜಾನ್ಸನ್, ನಾರ್ಮ್ ಮ್ಯಾಕ್‌ಡೊನಾಲ್ಡ್ ಎಂಬಿಬ್ಬರ ಹೆಸರಿನ ಮೊದಲಕ್ಷರಗಳೇ ಆ ಕಂಪನಿಯ ಹೆಸರು. ಇಂಥ ಫಿಲ್ಟರ್ ಹಾಕಿದ ರೇಸಿನ ಗಾಡಿಯಲ್ಲಾದರೆ ಅದನ್ನು ಪದೇ ಪದೇ ತೊಳೆಯುತ್ತಾರೆ, ಎಂಜಿನ್ನನ್ನೂ ಆಗಾಗ ಬಿಚ್ಚುತ್ತಾರೆ. ಆಫೀಸಿಗೆ ಹೋಗಿಬರುವ ಬೈಕಿನ ಕಥೆಯೇ ಬೇರೆ.

ಇನ್ನು ಪಿಕಪ್ಪಿನ ಮಾತು. ಗಾಳಿ ಹೆಚ್ಚು ಹೋದರೆ ಶಕ್ತಿ ಹೆಚ್ಚುತ್ತದೆ ಎಂಬ ತತ್ವ ಸರಿಯೇ. ಎಷ್ಟು ಹೆಚ್ಚುತ್ತದೆ ಎಂಬುದರಲ್ಲೇ ಇರುವುದು ಗುಟ್ಟು. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕಿನ 349 ಸಿಸಿ ಎಂಜಿನ್ 6,100 ಆರ್‌ಪಿಎಂನಲ್ಲಿ 20.2 ಬಿಎಚ್‌ಪಿ ಕೊಡುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ಗಾಳಿ ಎಳೆಯುವುದರಿಂದ, ಆ ವೇಗದಲ್ಲಿ ಅದು ನಿಮಿಷಕ್ಕೆ ಎಳೆದುಕೊಳ್ಳುವ ಗಾಳಿ ಹೆಚ್ಚೆಂದರೆ ಸಾವಿರ ಲೀಟರಿನ ಆಸುಪಾಸು. ಅಷ್ಟು ಗಾಳಿ ಚೊಕ್ಕವಾದ ಕಾಗದದ ಫಿಲ್ಟರನ್ನು ದಾಟುವಾಗ ಕಳೆದುಕೊಳ್ಳುವ ಒತ್ತಡ ಸಾಮಾನ್ಯವಾಗಿ ಒಂದೆರಡು ಕಿಲೊಪಾಸ್ಕಲ್ ಮೀರುವುದಿಲ್ಲ. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡವೇ 101 ಕಿಲೊಪಾಸ್ಕಲ್. ಹಾಗಾಗಿ ಫಿಲ್ಟರನ್ನೇ ಕಿತ್ತು ಬಿಸಾಡಿದರೂ ದಕ್ಕುವ ಲಾಭ ಶೇ 1ರಿಂದ 2, ಅಂದರೆ ಈ ಬೈಕಿನಲ್ಲಿ ಅರ್ಧ ಬಿಎಚ್‌ಪಿಗೂ ಕಡಿಮೆ. ಒಂದು ಫಿಲ್ಟರ್ ತೆಗೆದು ಇನ್ನೊಂದು ಹಾಕಿದಾಗ ಸಿಗುವುದು ಅದರಲ್ಲೂ ಒಂದು ಚೂರು. ಬೆಂಗಳೂರು ಇರುವುದು 920 ಮೀಟರ್ ಎತ್ತರದಲ್ಲಿ. ಅಲ್ಲಿನ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಶೇ 10ರಷ್ಟು ಕಡಿಮೆ. ಯಾವ ಫಿಲ್ಟರೂ ಕೊಡಲಾರದಷ್ಟು ಗಾಳಿಯನ್ನು ಶಿರಾಡಿ ಘಾಟ್ ಇಳಿಯುವುದೊಂದೇ ಕೊಟ್ಟುಬಿಡುತ್ತದೆ, ಕರಾವಳಿಯ ಸೆಕೆ ಅದರಲ್ಲಿ ಸ್ವಲ್ಪ ಪಾಲು ಕಿತ್ತುಕೊಂಡರೂ.

ಈ ಅಲ್ಪ ಲಾಭವೂ ಆಕ್ಸಿಲರೇಟರನ್ನು ಪೂರ್ತಿ ತಿರುವಿ ಹಿಡಿದಾಗ ಮಾತ್ರ. ಊರೊಳಗಿನ ಓಡಾಟದಲ್ಲಿ ಆಕ್ಸಿಲರೇಟರ್ ಕಾಲು ಭಾಗವೂ ತೆರೆದಿರುವುದಿಲ್ಲ; ಗಾಳಿಯನ್ನು ತಡೆದು ನಿಲ್ಲಿಸಿರುವುದು ಥ್ರಾಟಲ್ ಬಾಗಿಲೇ ಹೊರತು ಫಿಲ್ಟರ್ ಅಲ್ಲ. ಆಗ ಫಿಲ್ಟರ್ ಬದಲಿಸುವುದು ನಲ್ಲಿಯನ್ನು ಅರ್ಧ ತಿರುಗಿಸಿಟ್ಟು ಅದರ ಹಿಂದಿನ ಪೈಪನ್ನು ದಪ್ಪ ಮಾಡಿದ ಹಾಗೆ.

ಮೈಲೇಜಿನ ವಿಷಯವೂ ಇದಕ್ಕೇ ಅಂಟಿಕೊಂಡಿದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಕಾರುಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಫಿಲ್ಟರ್ ಕಟ್ಟಿಕೊಂಡಿದ್ದರೂ ಫ್ಯುಯೆಲ್ ಇಂಜೆಕ್ಷನ್ ಗಾಡಿಗಳ ಮೈಲೇಜ್ ಹೇಳಿಕೊಳ್ಳುವಂತೆ ಇಳಿಯಲಿಲ್ಲ. ಕುಗ್ಗಿದ್ದು ವೇಗ ಹಿಡಿಯುವ ಶಕ್ತಿ. ಕಾರ್ಬುರೇಟರ್ ಇದ್ದ ಹಳೆಯ ಕಾರಿನಲ್ಲಿ ಮಾತ್ರ ಮೈಲೇಜಿನಲ್ಲೂ ವ್ಯತ್ಯಾಸ ಕಂಡಿತು. ಕಟ್ಟಿಕೊಂಡ ಫಿಲ್ಟರ್ ತೆಗೆದು ಹೊಸದು ಹಾಕಿದಾಗಿನ ಫಲಿತಾಂಶವೇ ಇಷ್ಟಾದರೆ, ಚೆನ್ನಾಗಿರುವ ಫಿಲ್ಟರ್ ತೆಗೆದು ದುಬಾರಿಯದು ಹಾಕಿದರೆ ಮೈಲೇಜ್ ಏರೀತು ಎಂದು ನಂಬಲು ಆಧಾರವೇ ಇಲ್ಲ. ಹೊಸ ಫಿಲ್ಟರ್ ಹಾಕಿಸಿದ ಮೇಲೆ ಗಾಡಿ ಹಗುರಾಗಿ ಓಡಿತು ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರ ಹಳೆಯ ಫಿಲ್ಟರ್ ಮಣ್ಣು ತುಂಬಿ ಕೂತಿರುತ್ತದೆ. ಕಂಪನಿಯ ಹೊಸ ಕಾಗದದ ಫಿಲ್ಟರ್ ಹಾಕಿದ್ದರೂ ಅದೇ ಅನುಭವ ಆಗುತ್ತಿತ್ತು.

ಅದಕ್ಕೆ ಸದ್ದೂ ಸೇರಿಕೊಳ್ಳುತ್ತದೆ. ಫಿಲ್ಟರ್ ಕೂರುವ ಪ್ಲಾಸ್ಟಿಕ್ ಡಬ್ಬ ಬರೀ ಡಬ್ಬವಲ್ಲ, ಒಳಕ್ಕೆ ಹೋಗುವ ಗಾಳಿಯ ಸೈಲೆನ್ಸರ್ ಕೂಡ. ಅದರ ಗಾತ್ರ, ಗಾಳಿ ಒಳಬರುವ ಕೊಳವೆಯ ಉದ್ದ ಎರಡನ್ನೂ ಕಡಿಮೆ ಆರ್‌ಪಿಎಂನಲ್ಲೂ ಎಳೆತ ಸಿಗಲೆಂದು ಅಳೆದು ಕೂಡಿಸಿರುತ್ತಾರೆ. ಡಬ್ಬಕ್ಕೆ ತೂತು ಕೊರೆದಾಗ ಅಥವಾ ಡಬ್ಬವನ್ನೇ ಕಿತ್ತು ಕಾರ್ಬುರೇಟರಿನ ಬಾಯಿಗೆ ಕೋನ್ ಫಿಲ್ಟರ್ ಸಿಕ್ಕಿಸಿದಾಗ ಗಾಳಿ ಎಳೆಯುವ ಗುರ್‌ ಸದ್ದು ನೇರ ಸವಾರನ ತೊಡೆಗಳ ನಡುವಿನಿಂದ ಏಳುತ್ತದೆ. ಕಿವಿ ಅದನ್ನು ವೇಗವೆಂದು ಓದಿಕೊಳ್ಳುತ್ತದೆ. ವಾಸ್ತವದಲ್ಲಿ ಕೆಳಗಿನ ಎಳೆತ ಕುಗ್ಗಿ, ಸಿಗ್ನಲ್ಲಿನಿಂದ ಹೊರಡುವಾಗ ಗಾಡಿ ಮೊದಲಿಗಿಂತ ಮಂದವಾಗಿರುವ ಸಾಧ್ಯತೆಯೇ ಹೆಚ್ಚು. ಜೊತೆಗೆ ಆ ಕೋನ್ ಎಂಜಿನ್ನಿನ ಬಿಸಿ ಬಡಿಯುವ ಜಾಗದಲ್ಲಿ ಕೂತಿರುತ್ತದೆ. ಗಾಳಿ 10 ಡಿಗ್ರಿ ಬಿಸಿಯಾದರೆ ಸುಮಾರು ಶೇ 3ರಷ್ಟು ತೆಳುವಾಗುತ್ತದೆ. ಫಿಲ್ಟರ್ ಕೊಟ್ಟದ್ದಕ್ಕಿಂತ ಹೆಚ್ಚನ್ನು ಬಿಸಿಯೇ ತಿಂದುಹಾಕುತ್ತದೆ.

ಕಾರ್ಬುರೇಟರ್ ಗಾಡಿಗಳಲ್ಲಿ ಇನ್ನೊಂದು ತೊಂದರೆ. ಒಳಗೆ ಪೆಟ್ರೋಲ್ ಬಿಡುವ ಜೆಟ್‌ನ ತೂತು ಹಳೆಯ ಫಿಲ್ಟರಿನ ಲೆಕ್ಕಕ್ಕೆ ಹೊಂದಿಸಿದ್ದು. ಗಾಳಿಯ ದಾರಿ ಏಕಾಏಕಿ ಸಲೀಸಾದರೆ ಪೆಟ್ರೋಲಿನ ಪಾಲು ಕಡಿಮೆ ಬಿದ್ದು ಮಿಶ್ರಣ ತೆಳುವಾಗುತ್ತದೆ: ಎಂಜಿನ್ ಹೆಚ್ಚು ಕಾಯುತ್ತದೆ, ರೇಸ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಸಿಡಿಯುತ್ತದೆ, ಬಿಚ್ಚಿ ನೋಡಿದರೆ ಪ್ಲಗ್ಗಿನ ತುದಿ ತಿಳಿಗಂದು ಇರಬೇಕಾದಲ್ಲಿ ಬೆಳ್ಳಗೆ ಸುಣ್ಣ ಹೊಡೆದಂತಿರುತ್ತದೆ. ದೊಡ್ಡ ಜೆಟ್ ಹಾಕಿ ಟ್ಯೂನಿಂಗ್ ಮಾಡಿಸದೆ ಬೇರೆ ದಾರಿಯಿಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್ 6 ಜಾರಿಗೆ ಬಂದ ಮೇಲೆ ಹೊಸ ಬೈಕುಗಳೆಲ್ಲ ಹೆಚ್ಚುಕಡಿಮೆ ಫ್ಯುಯೆಲ್ ಇಂಜೆಕ್ಷನ್ನಿಗೆ ಬದಲಾದವು. ಇವುಗಳಲ್ಲಿ ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಮಿಶ್ರಣವನ್ನು ಕಾಯುತ್ತಿರುತ್ತದೆ. ಸಣ್ಣಪುಟ್ಟ ವ್ಯತ್ಯಾಸವಾದರೆ ಕಂಪ್ಯೂಟರೇ ಸರಿಪಡಿಸಿಕೊಳ್ಳುತ್ತದೆ. ಆದರೆ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಅದು ಸೆನ್ಸರಿನ ಮಾತು ಬಿಟ್ಟು ಕಾರ್ಖಾನೆಯಲ್ಲಿ ಬರೆದಿಟ್ಟ ಲೆಕ್ಕವನ್ನೇ ಅನುಸರಿಸುತ್ತದೆ. ಫಿಲ್ಟರ್ ಲಾಭ ಕೊಡಬಹುದಾದ ಜಾಗವೇ ಅದು. ಆ ಲೆಕ್ಕ ತಿದ್ದಿಸದೆ ಫಿಲ್ಟರ್ ಮಾತ್ರ ಬದಲಿಸಿದರೆ ಅದೂ ಅರ್ಧ ಕೆಲಸ.

ಇಷ್ಟೆಲ್ಲ ಹೇಳುವಾಗ ಬದಿಗೆ ಸರಿದುಬಿಡುವುದು ಧೂಳು. ರಸ್ತೆ ಧೂಳಿನಲ್ಲಿ ದೊಡ್ಡ ಪಾಲು ಬೆಣಚುಕಲ್ಲಿನ ಪುಡಿ. ಗಡಸುತನದ ಮೋಸ್ ಮಾಪಕದಲ್ಲಿ ಬೆಣಚುಕಲ್ಲಿನ ಅಂಕಿ 7. ಕೆಲವೇ ಮೈಕ್ರಾನ್ ಗಾತ್ರದ ಕಣ ಪಿಸ್ಟನ್ ರಿಂಗಿಗೂ ಬೋರಿಗೂ ನಡುವಿನ ಎಣ್ಣೆಯ ಪದರಕ್ಕೆ ನುಗ್ಗಿದರೆ ಉಪ್ಪುಕಾಗದದ ಕೆಲಸವನ್ನೇ ಮಾಡುತ್ತದೆ. ಐಎಸ್‌ಒ 5011 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ, ಗೊತ್ತಾದ ಅಳತೆಯ ಧೂಳನ್ನು ಫಿಲ್ಟರಿಗೆ ಊದಿ ಎಷ್ಟು ತಡೆಯಿತು ಎಂದು ತೂಗುತ್ತಾರೆ. ಒಂದು ಶೇ 99, ಇನ್ನೊಂದು ಶೇ 97 ತಡೆದರೆ ಎರಡಕ್ಕೂ ಎರಡೇ ಅಂಕ ಅಂತರ ಎನಿಸುತ್ತದೆ. ಲೆಕ್ಕ ಹಾಕಬೇಕಾದದ್ದು ಒಳಗೆ ಬಿಟ್ಟದ್ದನ್ನು: ಎರಡನೆಯದು ಮೂರು ಪಟ್ಟು ಧೂಳನ್ನು ಒಳಗೆ ಬಿಟ್ಟಿದೆ. ಗಾಳಿ ಸಲೀಸಾಗಿ ಹೋಗಲಿ ಎಂದು ಎಳೆಗಳನ್ನು ವಿರಳ ಮಾಡಿದ ಫಿಲ್ಟರಿನಲ್ಲಿ ಧೂಳೂ ಅಷ್ಟೇ ಸಲೀಸು. ಹತ್ತಿಬಟ್ಟೆಯದು ಈ ಕೊರತೆಯನ್ನು ಎಣ್ಣೆಯಿಂದ ತುಂಬಿಕೊಳ್ಳುತ್ತದೆ. ಎಣ್ಣೆ ಒಣಗಿತೆಂದರೆ ಬರೀ ಜಾಲರಿ.

ಅದಕ್ಕೇ ಈ ಫಿಲ್ಟರಿನ ಬಾಳಿಕೆ ಅದನ್ನು ತೊಳೆಯುವವನ ಕೈಯಲ್ಲಿದೆ. ಅದಕ್ಕೆಂದೇ ಬರುವ ದ್ರಾವಣ ಸಿಂಪಡಿಸಿ ನೆನೆಯಲು ಬಿಟ್ಟು, ಒಳಗಿನಿಂದ ಹೊರಕ್ಕೆ ನೀರು ಹರಿಯುವಂತೆ ಕಡಿಮೆ ಒತ್ತಡದಲ್ಲಿ ತೊಳೆಯಬೇಕು. ನೆರಳಿನಲ್ಲಿ ತಾನಾಗಿ ಒಣಗಲು ಬಿಡಬೇಕು. ಆಮೇಲೆ ಪ್ರತಿ ಮಡಿಕೆಯ ಮೇಲೂ ಒಂದೊಂದು ಎಳೆ ಎಣ್ಣೆ ಬಿಟ್ಟು, ಬಣ್ಣ ಎಲ್ಲ ಕಡೆ ಒಂದೇ ಸಮ ಹರಡುವವರೆಗೆ ಕಾಯಬೇಕು. ಬಿಳಿ ಮಚ್ಚೆ ಉಳಿದ ಕಡೆ ಧೂಳು ದಾಟುತ್ತದೆ. ಸರ್ವಿಸ್ ದಿನ ಬೆಳಿಗ್ಗೆ ಬಿಟ್ಟು ಸಂಜೆ ಒಯ್ಯುವ ಗಾಡಿಗೆ ಇಷ್ಟು ತಾಳ್ಮೆ ಎಲ್ಲಿಂದ ಬಂದೀತು? ಕಾಗದದ್ದನ್ನೂ ಬಿಡುವುದಿಲ್ಲ: ಎಣ್ಣೆ ಕುಡಿಸಿದ ಕಾಗದಕ್ಕೆ ಕಂಪ್ರೆಸರ್ ಗಾಳಿ ಹೊಡೆಯುವುದು ಬಹಳ ಕಡೆ ಸರ್ವಿಸಿನ ಭಾಗವೇ ಆಗಿಬಿಟ್ಟಿದೆ. ಆ ರಭಸಕ್ಕೆ ಎಳೆಗಳು ಹರಿದು ಕಣ್ಣಿಗೆ ಕಾಣದ ಸಂದುಗಳಾಗುತ್ತವೆ. ತುಸು ಧೂಳು ಕೂತ ಫಿಲ್ಟರ್ ಹೊಚ್ಚ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ, ಕೂತ ಧೂಳೇ ಮುಂದಿನ ಧೂಳಿಗೆ ಅಡ್ಡಗೋಡೆ. ಪದೇ ಪದೇ ತೆಗೆದು ಊದುವುದಕ್ಕಿಂತ, ಅವಧಿ ಮುಗಿದಾಗ ಎಸೆದು ಹೊಸದು ಹಾಕುವುದು ವಾಸಿ.

ದುಡ್ಡಿನ ಲೆಕ್ಕ ಚಿಕ್ಕದು. ಕಂಪನಿಯ ಫಿಲ್ಟರಿಗೆ 300 ರೂಪಾಯಿ, ಅದರ ಆಯುಷ್ಯ 15,000 ಕಿ.ಮೀ.; ಹತ್ತಿಬಟ್ಟೆಯದಕ್ಕೂ ತೊಳೆಯುವ ಸಾಮಗ್ರಿಗೂ ಸೇರಿ 5,400 ರೂಪಾಯಿ ಎಂದಿಟ್ಟುಕೊಂಡರೆ, ಹಾಕಿದ ದುಡ್ಡು ಹುಟ್ಟಲು ಬೈಕ್ 2,70,000 ಕಿ.ಮೀ. ಓಡಬೇಕು. ವಾರಂಟಿ ಇರುವ ಗಾಡಿಯಾದರೆ, ನಾಳೆ ಎಂಜಿನ್ ಕೆಲಸ ಬಂದಾಗ ಹೊರಗಿನ ಫಿಲ್ಟರ್ ಕಂಪನಿಯವರಿಗೆ ಒಳ್ಳೆಯ ನೆಪವಾಗುತ್ತದೆ.

ಬದಲಾವಣೆಗೆ ಅರ್ಥವಿರುವ ಸಂದರ್ಭಗಳೂ ಇವೆ. ಸೈಲೆನ್ಸರ್, ಕ್ಯಾಮ್, ಇಂಧನದ ಲೆಕ್ಕ ಎಲ್ಲವನ್ನೂ ತಿದ್ದಿ ಟ್ರ್ಯಾಕಿಗೆ ಇಳಿಸುವ ಬೈಕಿನಲ್ಲಿ ಎಂಜಿನ್ ಕೇಳುವ ಗಾಳಿ ಹೆಚ್ಚು. ಅಲ್ಲಿ ಕಂಪನಿಯ ಫಿಲ್ಟರ್ ನಿಜಕ್ಕೂ ಅಡ್ಡಿಯಾಗಬಹುದು. ಕೆಸರು, ಮರಳಿನಲ್ಲಿ ರ‍್ಯಾಲಿ ಓಡುವವರಿಗೆ ದಿನಕ್ಕೊಮ್ಮೆ ತೊಳೆದು ಎಣ್ಣೆ ಹಚ್ಚಬಹುದಾದ ಸ್ಪಂಜೇ ಸರಿ. ಬಿಡಿಭಾಗ ಸಿಗದ ಕಡೆ ತಿಂಗಳುಗಟ್ಟಲೆ ಸುತ್ತುವವರಿಗೂ ತೊಳೆಯುವ ಫಿಲ್ಟರ್ ಅನುಕೂಲ. ಯಾವುದೇ ಆದರೂ ಕಂಪನಿಯ ಡಬ್ಬದೊಳಗೇ, ಸುತ್ತಲಿನ ರಬ್ಬರ್ ಅಂಚು ಬಿಗಿಯಾಗಿ ಕೂರುವಂಥದ್ದಾಗಿರಬೇಕು. ಎಷ್ಟೇ ಒಳ್ಳೆಯ ಫಿಲ್ಟರ್ ಆದರೂ ಅಂಚಿನಲ್ಲಿ ಸಂದು ಬಿಟ್ಟರೆ ಗಾಳಿ ಸೋಸದೆಯೇ ಒಳಕ್ಕೆ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳುವವರಿಗೆ ಇದರಿಂದ ಒಂದು ಸುಲಭದ ಪರೀಕ್ಷೆ ಸಿಗುತ್ತದೆ. ಡಬ್ಬದ ಮುಚ್ಚಳ ತೆಗೆಸಿ, ಫಿಲ್ಟರ್ ಹೊರಗಿಟ್ಟು, ಅದರ ಆಚೆಗಿನ, ಅಂದರೆ ಎಂಜಿನ್ ಕಡೆಯ ಕೊಳವೆಯ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಬೇಕು. ತೆಳು ಎಣ್ಣೆಯ ಪಸೆ ಬಂದರೆ ಚಿಂತೆಯಿಲ್ಲ, ಅದು ಎಂಜಿನ್ನಿನ ಉಸಿರಾಟದ ಪೈಪಿನಿಂದ ಬಂದದ್ದು. ಕೆಂಪು ಪುಡಿಯೋ ಬೂದು ಪುಡಿಯೋ ಬಟ್ಟೆಗೆ ಹತ್ತಿದರೆ ಆ ಗಾಡಿ ಸೋಸದ ಗಾಳಿ ಕುಡಿದಿದೆ. ಬೆಲೆ ಮಾತಾಡುವ ಮೊದಲು ಎಂಜಿನ್ನಿನ ಕಂಪ್ರೆಷನ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಬೋರ್ ಮಾಡಿಸಿ ಪಿಸ್ಟನ್, ರಿಂಗ್ ಹಾಕಿಸುವ ಖರ್ಚು ಕೊಂಡವರ ತಲೆಗೇ ಬರುತ್ತದೆ.